ಒಂದು ಗೋಡೆ, ಎರಡು ಗಂಟೆ

ಹೈಸ್ಕೂಲ್ ಟೂರಲ್ಲಿ ಹಂಪಿಗೆ ಹೋಗಿದ್ದು ನೆನಪಿರೋದು ಇಷ್ಟೇ: ಬಸ್ಸಲ್ಲಿ ಅಂತ್ಯಾಕ್ಷರಿ, ಕಲ್ಲಿನ ರಥದ ಮುಂದೆ ಗ್ರೂಪ್ ಫೋಟೊ, ಪಿ.ಟಿ. ಮೇಷ್ಟ್ರ ಸೀಟಿ. ಸಂಜೆಯೊಳಗೆ ತುಂಗಭದ್ರಾ ಡ್ಯಾಮೂ ಆಗಿಹೋಯ್ತು. "ಹಂಪಿ ಮುಗಿಸಿದ್ವಿ" ಅಂತ ಮನೇಲಿ ಹೇಳಿದ್ದೆ ಬೇರೆ.

ಈಗ ರೋಮ್‌ನಲ್ಲಿ ಆರ್ಕಿಟೆಕ್ಚರ್ ಓದ್ತಿದೀನಿ. ಹೋದ ವಾರ ಕ್ಲಾಸಿನವರೆಲ್ಲ ಓಸ್ತಿಯಾ ಆಂತಿಕಾಗೆ ಹೋಗಿದ್ವಿ, ಲೋಕಲ್ ರೈಲಲ್ಲಿ ಅರ್ಧ ಗಂಟೆ. ಟೈಬರ್ ನದಿ ಸಮುದ್ರ ಸೇರೋ ಕಡೆ ಇದ್ದ ಪ್ರಾಚೀನ ರೋಮನ್ನರ ಬಂದರು ಪಟ್ಟಣ, ಈಗ ಪಾಳು. ನದಿ ಹೂಳು ತುಂಬಿ ತುಂಬಿ ಸಮುದ್ರ ಈಗ ಕಿಲೋಮೀಟರುಗಟ್ಟಲೆ ಆಚೆ ಹೋಗಿದೆ. ಗೇಟು ದಾಟಿದ ಕೂಡಲೇ ಮೇಡಂ ನಮ್ಮ ಫೋನುಗಳನ್ನ ಬ್ಯಾಗಿಗೆ ಹಾಕಿಸಿ, ಒಬ್ಬೊಬ್ಬರಿಗೆ ಒಂದೊಂದು ಗೋಡೆ ತೋರಿಸಿದರು. ಎರಡು ಗಂಟೆ ಕೂತು ಚಿತ್ರ ಬರೀಬೇಕು.

ನನ್ನ ಪಾಲಿಗೆ ಬಂದಿದ್ದು 'ಓಪಸ್ ರೆಟಿಕ್ಯುಲೇಟಮ್' ಗೋಡೆ, ಅಂದ್ರೆ ಬಲೆಯ ಕಣ್ಣಿನ ಹಾಗೆ ಕಲ್ಲು ಜೋಡಿಸಿದ್ದು. ಕೊಬ್ಬರಿಮಿಠಾಯಿ ಕತ್ತರಿಸಿಟ್ಟ ಹಾಗೆ ಓರೆ ಓರೆ ಕಲ್ಲು. ಹತ್ತು ನಿಮಿಷಕ್ಕೇ ಬೇಜಾರು ಬಂತು. ಆಮೇಲೆ ಒಂದು ಕಡೆ ಕಲ್ಲು ಉದುರಿದ ಗುಂಡಿ ಕಣ್ಣಿಗೆ ಬಿತ್ತು. ಅಯ್ಯೋ, ಇದು ಚಪ್ಪಟೆ ಬಿಲ್ಲೆ ಅಲ್ಲ! ಪಕ್ಕದ ಕಲ್ಲು ಒಳಗೊಳಗೆ ಚೂಪಾಗ್ತಾ ಹೋಗಿ ಗಾರೆಯಲ್ಲಿ ಮೊಳೆ ಥರ ಕೂತಿದೆ. ಗೋಡೆಯ ಗಟ್ಟಿತನವೆಲ್ಲ ಒಳಗಿನ ಸುಣ್ಣ, ಜ್ವಾಲಾಮುಖಿ ಬೂದಿ, ಕಲ್ಲುಚೂರಿನ ಕಾಂಕ್ರೀಟಿನದ್ದು. ಹೊರಗೆ ಕಾಣೋದು ಬರೀ ಚರ್ಮ. ಇದನ್ನ ಬಾಯಿಪಾಠ ಮಾಡಿ ಪರೀಕ್ಷೇಲಿ ಮಾರ್ಕ್ಸ್ ತಗೊಂಡಿದ್ದೆ. ಅರ್ಥ ಆಗಿದ್ದು ಮೊನ್ನೆ.

ಅದೇ ಪಾಳೂರಿನ ಡಯಾನಾ ಬೀದೀಲಿ ರೋಮನ್ನರ ಕಾಲದ ಒಂದು ತಿಂಡಿ ಅಂಗಡಿ ಇದೆ, ಥೇಟ್ ನಮ್ಮ ದರ್ಶಿನಿ. ಬೀದಿ ಕಡೆಗೆ ಅಮೃತಶಿಲೆ ಕೌಂಟರು, ಅದರ ಕೆಳಗೆ ನೀರಿನ ತೊಟ್ಟಿ, ಮೆಟ್ಟಿಲು ಮೆಟ್ಟಿಲಾದ ಶೆಲ್ಫು, ಗೋಡೆ ಮೇಲೆ ತಿನ್ನೋ ಪದಾರ್ಥಗಳ ಚಿತ್ರ. ಚಕ್ರವರ್ತಿಗಳ ಮೂತಿ ನೋಡಿ ಸಾಕಾಗಿದ್ದ ನನಗೆ ಅಲ್ಲಿಂದ ಏಳೋಕೆ ಮನಸ್ಸಿರಲಿಲ್ಲ.

"ಫಾರಿನ್ನಲ್ಲಿ ಸೌಲಭ್ಯ ಇರುತ್ತೆ ಬಿಡಮ್ಮ" ಅಂತ ಕಾಮೆಂಟು ಹಾಕೋಕೆ ಹೊರಟವರೇ, ಸ್ವಲ್ಪ ನಿಲ್ಲಿ. ಖರ್ಚಾಗಿದ್ದು ಒಂದು ಪೆನ್ಸಿಲ್ಲು, ಎರಡು ಹಾಳೆ. ಹಂಪಿಯ ಮಹಾನವಮಿ ದಿಬ್ಬದಲ್ಲಿ ಕೆತ್ತಿರೋ ಆನೆ-ಕುದುರೆ ಸಾಲಿನ ಒಂದೇ ಒಂದು ಮೊಳದ ಮುಂದೆ ನಮ್ಮನ್ನೂ ಹೀಗೆ ಕೂರಿಸಬಹುದಿತ್ತು. ಡ್ಯಾಮು ಎಲ್ಲಿಗೂ ಓಡಿಹೋಗ್ತಿರಲಿಲ್ಲ.

ಕೊನೆಗೆ ನನ್ನ ಚಿತ್ರ ನೋಡಿದ ಮೇಡಂ, "ಉದುರಿದ ಕಲ್ಲಿನ ಗುಂಡಿ ಎಲ್ಲಿ?" ಅಂದರು. ನೋಡೋಕೆ ಚೆಂದ ಇರಲಿ ಅಂತ ನಾನೇ ತುಂಬಿಬಿಟ್ಟಿದ್ದೆ. ರಬ್ಬರ್ ಕೈಗಿಟ್ಟು ವಾಪಸ್ ಗೋಡೆ ಹತ್ತಿರ ಕಳಿಸಿದರು.