ಗೋಡೆ ಮೇಲೆ ನಾಲ್ಕು, ಬೀರು ಪಕ್ಕ ಒಂದು

ಗಿಟಾರ್ ಹುಚ್ಚು ಇರುವ ಯಾರ ಮನೆಗಾದರೂ ಹೋಗಿ ನೋಡಿ. ಮೈಸೂರಿನ ಕುವೆಂಪುನಗರ ಆಗಲಿ, ವಿಜಯನಗರ ಆಗಲಿ, ಲೆಕ್ಕ ಹೆಚ್ಚುಕಮ್ಮಿ ಒಂದೇ. ಗೋಡೆ ಮೇಲೆ ಮೂರ್ನಾಲ್ಕು ಎಲೆಕ್ಟ್ರಿಕ್ ಗಿಟಾರ್ ನೇತಾಡುತ್ತಿರುತ್ತವೆ. ಅಕೂಸ್ಟಿಕ್ (ಕರೆಂಟಿಲ್ಲದೆ, ಟೊಳ್ಳು ಮೈಯಿಂದಲೇ ಸದ್ದು ಮಾಡುವ ಗಿಟಾರ್) ಒಂದೇ ಒಂದು, ಅದೂ ಬೀರು ಪಕ್ಕದ ಸಂದಿಯಲ್ಲಿ. ಯಾಕೆ ಹೀಗೆ ಅಂತ ಕೇಳಿದರೆ ಸಿದ್ಧ ಉತ್ತರ ಸಿಗುತ್ತದೆ: "ಎಲೆಕ್ಟ್ರಿಕ್ ಒಂದೊಂದೂ ಒಂದೊಂದ್ ಥರ ಗುರು. ಅಕೂಸ್ಟಿಕ್ ಎಲ್ಲಾ ಒಂದೇ."

ಇದನ್ನು ನಾನು ಒಪ್ಪುವುದಿಲ್ಲ. ಒಂದು ಅಗ್ಗದ ಅಕೂಸ್ಟಿಕ್, ಒಂದು ಒಳ್ಳೆಯ ಅಕೂಸ್ಟಿಕ್ ತಂದು ಎರಡರಲ್ಲೂ ಒಂದೇ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು) ಬಾರಿಸಿ. ಸಂಗೀತದ ಗಂಧ ಗೊತ್ತಿಲ್ಲದವರಿಗೂ ವ್ಯತ್ಯಾಸ ಕೇಳಿಸುತ್ತದೆ. ವಿಷಯ ಏನಪ್ಪಾ ಅಂದರೆ, ಅಕೂಸ್ಟಿಕ್‌ನಲ್ಲಿ ಒಂದು ಇನ್ನೊಂದಕ್ಕಿಂತ ಮೇಲು. ಎಲೆಕ್ಟ್ರಿಕ್‌ನಲ್ಲಿ ಒಂದು ಇನ್ನೊಂದಕ್ಕಿಂತ ಬೇರೆ. ಮೇಲಿನದು ಸಿಕ್ಕಿದಾಗ ಕೆಳಗಿನದನ್ನು ಬಿಟ್ಟುಕೊಡುತ್ತೇವೆ. ಬೇರೆಯದು ಸಿಕ್ಕಿದಾಗ ಇದನ್ನೂ ಇಟ್ಟುಕೊಂಡು ಅದನ್ನೂ ತರುತ್ತೇವೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಪೋಸ್ಟ್ ಉದ್ದ ಆಗುತ್ತೆ, ಬೈಕೋಬೇಡಿ.

ಮೊದಲು ಎಲೆಕ್ಟ್ರಿಕ್. ಇದರ ಮೈ ಸಾಮಾನ್ಯವಾಗಿ ಗಟ್ಟಿ ಮರ, ಒಳಗೆ ಟೊಳ್ಳಿಲ್ಲ. ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಹಾಕದೆ ಬಾರಿಸಿದರೆ ಪಕ್ಕದ ರೂಮಿನವರಿಗೂ ಗೊತ್ತಾಗುವುದಿಲ್ಲ. ಕೆಲಸ ಮಾಡುವುದೆಲ್ಲ ಪಿಕಪ್. ಅಯಸ್ಕಾಂತ, ಅದರ ಸುತ್ತ ತುಂಬಾ ತೆಳು ತಾಮ್ರದ ತಂತಿ, ಸಾವಿರಾರು ಸುತ್ತು. ಅದರ ಮೇಲೆ ಉಕ್ಕಿನ ತಂತಿ ಅದುರಿದಾಗ ಆ ತಾಮ್ರದ ಸುತ್ತಿನಲ್ಲಿ, ಅಂದರೆ ಕಾಯಿಲ್‌ನಲ್ಲಿ, ಸಣ್ಣದಾಗಿ ಕರೆಂಟ್ ಹುಟ್ಟುತ್ತದೆ. ಆ ಕರೆಂಟನ್ನು ಆಂಪ್ ದೊಡ್ಡದು ಮಾಡುತ್ತದೆ. ಅಂದರೆ ಗಿಟಾರ್ ಒಂದು ತುದಿ ಅಷ್ಟೇ. ಇನ್ನೊಂದು ತುದಿಯಲ್ಲಿ ಪೆಡಲ್ (ಕಾಲಿನಿಂದ ಒತ್ತಿ ಸದ್ದು ಬದಲಿಸುವ ಪೆಟ್ಟಿಗೆ), ಆಂಪ್, ಸ್ಪೀಕರ್. ಅರ್ಧ ವಾದ್ಯ ನಮ್ಮ ಕೈಯಲ್ಲಿ, ಅರ್ಧ ನೆಲದ ಮೇಲೆ.

ಒಂದು ಪಿಕಪ್‌ಗೆ ಒಂದೇ ಕಾಯಿಲ್ ಇದ್ದರೆ ಅದು ಸಿಂಗಲ್ ಕಾಯಿಲ್. ಲಿಯೋ ಫೆಂಡರ್ 1954ರಲ್ಲಿ ಮಾರುಕಟ್ಟೆಗೆ ತಂದ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಇಂಥವು ಮೂರಿದ್ದವು. (ಈ ಫೆಂಡರ್ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಮನುಷ್ಯ. ಅವರಿಗೆ ಗಿಟಾರ್ ನುಡಿಸೋಕೆ ಬರುತ್ತಿರಲಿಲ್ಲ. ನಮ್ಮಲ್ಲಿ ಕೆಲವರಿಗೆ ಇದು ಸಮಾಧಾನದ ವಿಷಯ.) ಸದ್ದು ತೆಳ್ಳಗೆ, ಚುರುಕಾಗಿ ಇರುತ್ತದೆ. ಬೆರಳು ಎಷ್ಟು ಜೋರಾಗಿ ಮೀಟಿತು ಅನ್ನುವುದೂ ಕೇಳಿಸುತ್ತದೆ. ಆದರೆ ಆ ಕಾಯಿಲ್‌ಗೆ ತಂತಿಯ ಕಂಪನ ಯಾವುದು, ಮನೆ ಕರೆಂಟಿನ ಗಲಾಟೆ ಯಾವುದು ಅಂತ ಗೊತ್ತಾಗುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್‌ನದು. ಅಗ್ರಹಾರದ ಕಡೆ ಹಳೇ ಮನೆ, ಅರ್ಥಿಂಗ್ ಅಷ್ಟಕ್ಕಷ್ಟೇ, ತಲೆ ಮೇಲೆ ಟ್ಯೂಬ್‌ಲೈಟ್. ಇಂಥ ಕಡೆ ಸ್ಟ್ರಾಟ್ (ಸ್ಟ್ರಾಟೊಕ್ಯಾಸ್ಟರ್‌ನ ಚಿಕ್ಕ ಹೆಸರು) ಹಾಕಿ ನೋಡಿ. ನುಡಿಸುವ ಮೊದಲೇ ಗುಂಯ್ ಅಂತ ಶ್ರುತಿ ಹಿಡಿದುಕೊಂಡು ಕೂತಿರುತ್ತದೆ.

ಇದಕ್ಕೆ ಹೆಸರುವಾಸಿ ಮದ್ದು ತಂದದ್ದು ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್. ಎರಡು ಕಾಯಿಲ್ ಪಕ್ಕಪಕ್ಕ ಇಟ್ಟು, ಒಂದರ ಸುತ್ತನ್ನೂ ಅಯಸ್ಕಾಂತದ ದಿಕ್ಕನ್ನೂ ಉಲ್ಟಾ ಮಾಡಿದರು. ಎರಡರಲ್ಲೂ ಬರುವ ಗುಂಯ್ ಒಂದನ್ನೊಂದು ಕಳೆದುಬಿಡುತ್ತದೆ, ತಂತಿಯ ಸದ್ದು ಮಾತ್ರ ಕೂಡಿಕೊಳ್ಳುತ್ತದೆ. 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1957ರಿಂದ ಗಿಬ್ಸನ್‌ನ ಲೆಸ್ ಪಾಲ್ ಗಿಟಾರ್‌ಗಳಲ್ಲಿ ಇದೇ ಹಮ್‌ಬಕರ್ ಬಂತು. ಗುಂಯ್ ಹೋಯಿತು. ಜೊತೆಗೆ ಸದ್ದೂ ಬದಲಾಯಿತು. ದಪ್ಪ ಆಯಿತು, ಅಂಚು ಮೊಂಡಾಯಿತು, ಡಿಸ್ಟಾರ್ಶನ್ (ರಾಕ್ ಹಾಡಿನ ಒಡಕು ಸದ್ದು) ಹಾಕಿದರೆ ತುಂಬಿಕೊಂಡು ಬರತೊಡಗಿತು.

ಹಮ್‌ಬಕರ್ ಬಂದ ಮೇಲೆ ಸಿಂಗಲ್ ಕಾಯಿಲ್ ಸಾಯಬೇಕಿತ್ತು ಅಲ್ವಾ? ಸಾಯಲಿಲ್ಲ. ಇವತ್ತಿಗೂ ಎರಡೂ ಮಾರಾಟ ಆಗುತ್ತಿವೆ. ಯಾಕೆಂದರೆ ಒಂದರ ಸದ್ದು ಇನ್ನೊಂದರಲ್ಲಿ ಬರುವುದಿಲ್ಲ. ಸ್ಟ್ರಾಟ್ ಇರುವವನು ಲೆಸ್ ಪಾಲ್ ತಂದರೆ ಸ್ಟ್ರಾಟನ್ನು ಮಾರುವುದಿಲ್ಲ. ಅಲ್ಲಿಗೆ ಎರಡಾಯಿತು.

ಕೈಗೂ ಇವು ಬೇರೆ ಬೇರೆ. ಫೆಂಡರ್‌ನಲ್ಲಿ ನುಡಿಯುವ ತಂತಿಯ ಉದ್ದ ಇಪ್ಪತ್ತೈದೂವರೆ ಇಂಚು, ಗಿಬ್ಸನ್‌ನಲ್ಲಿ ಸುಮಾರು ಇಪ್ಪತ್ತನಾಲ್ಕೂ ಮುಕ್ಕಾಲು. ಮುಕ್ಕಾಲು ಇಂಚು ಏನು ಮಹಾ ಅನ್ನಿಸಬಹುದು. ಅದೇ ತಂತಿ, ಅದೇ ಶ್ರುತಿ ಇಟ್ಟುಕೊಂಡು ಎಳೆದು ನೋಡಿ. ಗಿಡ್ಡದ್ದರಲ್ಲಿ ಬಿಗಿ ಕಮ್ಮಿ. ನಮ್ಮ ಹಾಡುಗಳಿಗೆ ಬೇಕಾದ ಜಾರು, ಗಮಕದಂಥದ್ದು ಅದರಲ್ಲಿ ಬೆರಳಿಗೆ ಬೇಗ ಒಲಿಯುತ್ತದೆ. ಇನ್ನು ಫ್ಲಾಯ್ಡ್ ರೋಸ್ ಥರದ ತೇಲುವ ಬ್ರಿಡ್ಜ್ (ತಂತಿಗಳ ಬುಡ ಹಿಡಿಯುವ, ಸ್ಪ್ರಿಂಗ್ ಮೇಲೆ ಅಲುಗುವ ಭಾಗ) ಇರುವ ಗಿಟಾರ್ ಇದ್ದರೆ ಕಥೆನೇ ಬೇರೆ. ಒಂದು ತಂತಿ ಇಳಿಸಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಹಾಡಿಗೊಂದು ಸಲ ಟ್ಯೂನಿಂಗ್ ಬದಲಿಸೋಕೆ ಆಗುವುದಿಲ್ಲ, ಆ ಟ್ಯೂನಿಂಗ್‌ಗೇ ಒಂದು ಗಿಟಾರ್ ಇಟ್ಟುಬಿಡುತ್ತಾರೆ. ಅಲ್ಲಿಗೆ ಮೂರು. ನಾಲ್ಕನೆಯದಕ್ಕೆ ಏನು ಕಾರಣ ಅಂತ ಕೇಳಬೇಡಿ. ಬಣ್ಣ. ಐವತ್ತು, ಅರವತ್ತರ ದಶಕದಲ್ಲಿ ಫೆಂಡರ್ ತನ್ನ ಗಿಟಾರ್‌ಗಳಿಗೆ ಅಮೆರಿಕದ ಕಾರುಗಳ ಪೇಂಟನ್ನೇ ಬಳಿಯುತ್ತಿತ್ತು. ಕಾರಿನ ಶೋರೂಮಿನಲ್ಲಿ ಮನಸ್ಸು ಏನು ಮಾಡುತ್ತೋ ಇಲ್ಲೂ ಅದನ್ನೇ ಮಾಡುತ್ತದೆ.

ಈಗ ಅಕೂಸ್ಟಿಕ್‌ಗೆ ಬನ್ನಿ. ಇಲ್ಲಿ ಆಂಪ್ ಇಲ್ಲ, ಪೆಡಲ್ ಇಲ್ಲ. ಮೇಲಿನ ಹಲಗೆಯೇ ಸ್ಪೀಕರ್. ಸಾಮಾನ್ಯವಾಗಿ ಸ್ಪ್ರೂಸ್ ಮರ, ದಪ್ಪ ಮೂರು ಮಿಲಿಮೀಟರ್ ಆಸುಪಾಸು. ಅದರ ಮೇಲೆ ಆರು ಉಕ್ಕಿನ ತಂತಿಗಳ ಎಳೆತ ಒಟ್ಟು ಎಪ್ಪತ್ತು ಕೆಜಿ ಹತ್ತಿರ. ಹಲಗೆ ಮುರಿಯಬಾರದು, ಆದರೆ ಚೆನ್ನಾಗಿ ಅದುರಬೇಕು. ಅದಕ್ಕೇ ಒಳಗಡೆ ಅಡ್ಡಪಟ್ಟಿಗಳನ್ನು ಅಂಟಿಸುತ್ತಾರೆ. ಮಾರ್ಟಿನ್ ಕಂಪನಿ 1840ರ ದಶಕದಲ್ಲಿ ಬಳಸತೊಡಗಿದ ಎಕ್ಸ್ ಆಕಾರದ ಪಟ್ಟಿಯೇ ಇವತ್ತಿಗೂ ಹೆಚ್ಚಿನ ಗಿಟಾರ್‌ಗಳಲ್ಲಿದೆ.

ಅಗ್ಗದ ಗಿಟಾರ್‌ಗಳಲ್ಲಿ ಈ ಹಲಗೆ ಪ್ಲೈವುಡ್. ಗಟ್ಟಿ, ಬಾಳಿಕೆ ಜಾಸ್ತಿ, ಆದರೆ ಅದುರೋಕೆ ಸೋಮಾರಿ. ದುಡ್ಡು ಜಾಸ್ತಿ ಕೊಟ್ಟರೆ ಸಾಲಿಡ್ ಟಾಪ್, ಅಂದರೆ ಮೇಲಿನ ಹಲಗೆ ಇಡೀ ಮರದ್ದು. ಇನ್ನೂ ಜಾಸ್ತಿ ಕೊಟ್ಟರೆ ಹಿಂಬದಿ, ಪಕ್ಕ ಎಲ್ಲವೂ ಇಡೀ ಮರ. ಆ ಹಿಂಬದಿಗೆ ಹೆಸರುವಾಸಿಯಾದ ಮರ ಯಾವುದು ಗೊತ್ತಾ? ನಮ್ಮ ಬೀಟೆ. ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಅರವತ್ತರ ದಶಕದ ಕೊನೆಗೆ ಆ ದಿಮ್ಮಿಗಳು ಬರುವುದು ನಿಂತ ಮೇಲೆ ಮಾರ್ಟಿನ್ ಕೂಡ ಭಾರತದ ಬೀಟೆಗೆ ಬದಲಾಯಿತು. ಕೊಡಗಿನ ಕಡೆ ಬೆಳೆಯುವ, ನಮ್ಮ ಮೈಸೂರಿನವರು ತುಂಡು ತುಂಡು ಕೂರಿಸಿ ಆನೆ, ದಸರಾ ಮೆರವಣಿಗೆ ಮಾಡುವ ಅದೇ ಜಾತಿಯ ಮರ. 2017ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂತು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಅಲ್ಲಿವರೆಗೆ ಗಿಟಾರ್ ಕಂಪನಿಗಳಿಗೆ ಕಾಗದಪತ್ರದ ತಲೆನೋವೋ ತಲೆನೋವು.

ಹೀಗೆ ಪ್ಲೈನಿಂದ ಸಾಲಿಡ್ ಟಾಪ್‌ಗೆ, ಅಲ್ಲಿಂದ ಇಡೀ ಮರಕ್ಕೆ ಹೋದವರು ವಾಪಸ್ ಪ್ಲೈ ಮುಟ್ಟುವುದಿಲ್ಲ. ಅದು ಅಕ್ಕನ ಮಗನಿಗೆ ಹೋಗುತ್ತದೆ, ಇಲ್ಲಾ ಓಎಲ್‌ಎಕ್ಸ್‌ಗೆ. ಮನೆಯಲ್ಲಿ ಉಳಿಯುವುದು ಒಂದೇ. ಅಗ್ಗದ ಎಲೆಕ್ಟ್ರಿಕ್‌ಗೆ ಹೊಸ ಪಿಕಪ್ ಹಾಕಿ, ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿಗಳು) ಸರಿ ಮಾಡಿಸಿ ಬದುಕಿಸಬಹುದು. ಪ್ಲೈ ಟಾಪ್‌ಗೆ ಅಂಥ ಚಿಕಿತ್ಸೆ ಇಲ್ಲ.

ಜೋಪಾನ ಮಾಡೋ ಕಷ್ಟವೂ ಇದೆ. ಇಡೀ ಮರದ ಗಿಟಾರ್‌ಗೆ ಗಾಳಿಯ ತೇವ ಶೇಕಡ 45ರಿಂದ 55ರ ಒಳಗಿದ್ದರೆ ಒಳ್ಳೆಯದು. ಮೈಸೂರಿನ ಮಾರ್ಚ್ ತಿಂಗಳ ಮಧ್ಯಾಹ್ನಕ್ಕೆ ಇದನ್ನು ಹೇಳಿ ನೋಡಿ. ಮರ ಒಣಗಿ ಕುಗ್ಗುತ್ತದೆ, ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚುತ್ತದೆ. ಜುಲೈ ಬಂದರೆ ಟಾಪ್ ಉಬ್ಬಿ ತಂತಿ ಮೇಲೇಳುತ್ತದೆ. ಇಂಥದ್ದೊಂದನ್ನು ಸಾಕೋದೇ ಸಾಕು. ಡ್ರೆಡ್‌ನಾಟ್ ಅನ್ನುವ ದೊಡ್ಡ ಮೈಯ ಗಿಟಾರ್ ಹನ್ನೆರಡು ಸೆಂಟಿಮೀಟರ್ ದಪ್ಪ, ಕೇಸ್ ಸೇರಿದರೆ ಮಂಚದ ಕೆಳಗೂ ಹೋಗಲ್ಲ. ಎಲೆಕ್ಟ್ರಿಕ್ ಅದರ ಅರ್ಧವೂ ಇಲ್ಲ, ಗೋಡೆಗೆ ಅಂಟಿಕೊಂಡು ಇರುತ್ತದೆ.

ಸ್ಟೇಜ್ ವಿಷಯ ಬಂದರೆ ಇನ್ನೂ ಮಜಾ. ಅಷ್ಟು ದುಡ್ಡು ಕೊಟ್ಟು ತಂದ ಬೀಟೆ, ಸ್ಪ್ರೂಸ್ ಎಲ್ಲವನ್ನೂ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಕೆಳಗಿನ ಪೀಜೋ ಪಿಕಪ್ (ಒತ್ತಡವನ್ನು ಕರೆಂಟ್ ಮಾಡುವಂಥದ್ದು) ಮೂಲಕ ಮಿಕ್ಸರ್‌ಗೆ ಕೊಟ್ಟರೆ ಮರದ ಗುಣ ಮುಕ್ಕಾಲು ಪಾಲು ಅಲ್ಲೇ ಕಳೆದುಹೋಗುತ್ತದೆ. ಸ್ಟೇಜ್ ಮೇಲಿನ ಮಾನಿಟರ್ ಸ್ಪೀಕರ್ ಸ್ವಲ್ಪ ಜೋರಾದರೆ ಟೊಳ್ಳು ಮೈ ಕೂಗಿಕೊಳ್ಳುತ್ತದೆ. ಎರಡು ಒಳ್ಳೆಯ ಅಕೂಸ್ಟಿಕ್ ನಡುವಿನ ವ್ಯತ್ಯಾಸ ಕೇಳಬೇಕಾದರೆ ಮನೆ ಹಾಲ್‌ನಲ್ಲಿ, ಫ್ಯಾನ್ ಆರಿಸಿ ಕೂರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವಾದಕ್ಕೆ ಅಡ್ಡಗಾಲು ಹಾಕುವ ಜನರ ಬಗ್ಗೆಯೂ ಹೇಳಬೇಕು. ಗಣಪತಿ ಹಬ್ಬದ ಸೀಸನ್‌ನಲ್ಲಿ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ ಸುತ್ತುವ ಆರ್ಕೆಸ್ಟ್ರಾ ಗಿಟಾರ್‌ನವರು. ಗಿಟಾರ್‌ನಿಂದಲೇ ಹೊಟ್ಟೆ ತುಂಬಬೇಕಾದವರು. ಅವರ ಹತ್ತಿರ ನಾಲ್ಕಿಲ್ಲ, ಒಂದೇ ಎಲೆಕ್ಟ್ರಿಕ್. ಜೊತೆಗೆ ನೆಲದ ಮೇಲೊಂದು ಪ್ರೊಸೆಸರ್. ರಾಕ್ ಹಾಡಿಗೆ ಒಂದು ಪ್ಯಾಚ್ (ಮೊದಲೇ ಹೊಂದಿಸಿಟ್ಟ ಸದ್ದು), ಡ್ಯುಯೆಟ್‌ಗೆ ಒಂದು, ಅಕೂಸ್ಟಿಕ್ ಬೇಕಾದರೆ ಅಕೂಸ್ಟಿಕ್ ಪ್ಯಾಚ್ ಕೂಡ ಅದರಲ್ಲೇ. ಅವರಲ್ಲೊಬ್ಬರನ್ನು "ಅಣ್ಣ, ಇನ್ನೊಂದು ಗಿಟಾರ್ ಬೇಡ್ವಾ?" ಅಂತ ಕೇಳಿದ್ದೆ. "ಹೊತ್ಕೊಂಡು ಬಸ್ ಹತ್ತೋರು ಯಾರು ಸಾರ್? ಜನಕ್ಕೆ ಹಾಡು ಯಾವ್ದು ಅಂತ ಗೊತ್ತಾದ್ರೆ ಸಾಕು" ಅಂದರು. ಹಾಗಾಗಿ ನಮ್ಮ ನಾಲ್ಕು ಗಿಟಾರ್‌ಗೆ "ಬೇಕಿತ್ತು" ಅನ್ನುವ ಪದ ನಾನು ಬಳಸಲ್ಲ. ಬೇರೆ ಬೇರೆ ಸದ್ದು ಇದೆ ಅನ್ನುವುದು ನಿಜ. ಅದು ನಮಗೆ ಬೇಕು ಅನ್ನುವುದು ಸಂಬಳ ಕೈಗೆ ಬಂದ ಮೇಲೆ ಹೊಳೆದದ್ದು.

ಅಕೂಸ್ಟಿಕ್ ವಿಷಯದಲ್ಲಿ ಮೈಸೂರಿನವರಿಗೆ ಹೊಸದೇನೂ ಇಲ್ಲ. ವೀಣೆ ಶೇಷಣ್ಣನವರ, ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಊರು ಇದು. ವೀಣೆ ಇರುವ ಮನೆಗಳನ್ನು ನೋಡಿದ್ದೀರಲ್ಲ. ಹಲಸಿನ ಮರದ್ದು ಒಂದು ವೀಣೆ, ಮೇಳ (ಮೇಣದಲ್ಲಿ ಕೂರಿಸಿದ ಮೆಟ್ಟಿಲುಗಳು) ಸಡಿಲ ಆದಾಗ ಮೇಣ ಹಾಕಿಸಿ ಮತ್ತೆ ಕಟ್ಟಿಸುತ್ತಾರೆ, ಅದರಲ್ಲೇ ಮುಂದುವರಿಯುತ್ತಾರೆ. ಪಕ್ಕದಲ್ಲಿ ಕೆಂಪು ಬಣ್ಣದ್ದು ಇನ್ನೊಂದಿರಲಿ ಅಂತ ಯಾರೂ ಹೇಳುವುದಿಲ್ಲ. ಇಡೀ ವಾದ್ಯ ಮನೆಯಲ್ಲಿದ್ದರೆ ಎರಡನೆಯದಕ್ಕೆ ಕಾರಣ ಹುಡುಕುವುದು ಕಷ್ಟ.

ಆದರೂ ಅಕೂಸ್ಟಿಕ್ ಎರಡು, ಮೂರು ಇಟ್ಟುಕೊಂಡವರು ಇದ್ದಾರೆ. ಅವರ ಮನೆಗೆ ಹೋದಾಗ ಏನೇನಿದೆ ಅಂತ ಸ್ವಲ್ಪ ನೋಡಿ. ಆರು ಉಕ್ಕಿನ ತಂತಿಯದ್ದು ಸಾಮಾನ್ಯವಾಗಿ ಎರಡು ಇರುವುದಿಲ್ಲ. ಒಂದು ಉಕ್ಕಿನದು, ಒಂದು ನೈಲಾನ್ ತಂತಿಯ ಕ್ಲಾಸಿಕಲ್, ಹೆಚ್ಚೆಂದರೆ ಒಂದು ಹನ್ನೆರಡು ತಂತಿಯದ್ದು. ನೈಲಾನ್‌ಗೆ ಅಗಲದ ಕತ್ತು, ಮೆತ್ತಗಿನ ಬಿಗಿ, ಬೆರಳಿನಿಂದಲೇ ಮೀಟಬೇಕು. ಹನ್ನೆರಡು ತಂತಿಯದ್ದರಲ್ಲಿ ಕಾರ್ಡ್ ಹಿಡಿದರೆ ಇಬ್ಬರು ಒಟ್ಟಿಗೆ ನುಡಿಸಿದ ಹಾಗೆ. ಇವು ಮೇಲು ಕೀಳಲ್ಲ, ಬೇರೆ. ಹಾಗಾಗಿ ಇವೂ ಮಾರಾಟ ಆಗದೆ ಉಳಿಯುತ್ತವೆ. ನನ್ನ ಹತ್ತಿರ ನೈಲಾನ್ ಇಲ್ಲ. ಮೈಸೂರಿನಲ್ಲಿ ಯಾರಾದರೂ ಒಳ್ಳೆಯ ಸ್ಥಿತಿಯಲ್ಲಿರೋ ಸಾಲಿಡ್ ಟಾಪ್ ಕ್ಲಾಸಿಕಲ್ ಕೊಡೋದಿದ್ದರೆ ಹೇಳಿ, ಬಂದು ನೋಡುತ್ತೇನೆ. ಬದಲಿಗೆ ಒಂದು ಎಲೆಕ್ಟ್ರಿಕ್ ಕೊಡಿ ಅಂದರೆ ಮಾತ್ರ ಆಗಲ್ಲ.