ಮೂರು ಸೀಟಿ, ಎರಡು ಸೀಟಿ, ಅರ್ಧ ಸೀಟಿ

ಅಮೆರಿಕದ ಹೈಸ್ಕೂಲುಗಳಲ್ಲಿ ಚಳಿಗಾಲ ಬಂತೆಂದರೆ ಬ್ಯಾಸ್ಕೆಟ್‌ಬಾಲ್ ಬಂತು. ಸ್ವಲ್ಪ ದೊಡ್ಡ ಶಾಲೆಯಾದರೆ ಮೂರು ತಂಡ ಇರುತ್ತವೆ. ಒಂಬತ್ತನೇ ಕ್ಲಾಸಿನ ಮಕ್ಕಳದು ಫ್ರೆಶ್‌ಮನ್ ತಂಡ. ಅದರ ಮೇಲೆ ಜೆವಿ, ಅಂದರೆ ಜೂನಿಯರ್ ವಾರ್ಸಿಟಿ. ಎಲ್ಲಕ್ಕಿಂತ ಮೇಲೆ ವಾರ್ಸಿಟಿ. ವಾರ್ಸಿಟಿಗೆ ಬ್ಯಾಂಡು, ಚಿಯರ್ ಲೀಡರ್‌ಗಳು, ಪಾಪ್‌ಕಾರ್ನ್, ತುಂಬಿದ ಗ್ಯಾಲರಿ. ಫ್ರೆಶ್‌ಮನ್‌ಗೆ ಅಪ್ಪ, ಅಮ್ಮ, ಮತ್ತು ಬೇರೆ ದಾರಿಯಿಲ್ಲದೆ ಬಂದ ತಂಗಿ.

ಇದರಲ್ಲಿ ತಪ್ಪೇನಿಲ್ಲ. ರೆಫರಿಗಳನ್ನೂ ಪಾಪ್‌ಕಾರ್ನ್ ಲೆಕ್ಕದಲ್ಲೇ ಹಂಚುತ್ತಾರೆ ನೋಡಿ, ಅಲ್ಲಿ ಮಜಾ ಶುರುವಾಗುತ್ತದೆ. ಬಹಳ ಕಡೆ ವಾರ್ಸಿಟಿಗೆ ಮೂವರು, ಜೆವಿಗೆ ಇಬ್ಬರು. ಫ್ರೆಶ್‌ಮನ್‌ಗೂ ಇಬ್ಬರೇ ಅಂತ ಕಾಗದದಲ್ಲಿ ಇರುತ್ತದೆ. ಸಂಜೆ ನಾಲ್ಕೂವರೆಗೆ ಎಷ್ಟು ಜನ ಬಂದಿರುತ್ತಾರೋ ಅಷ್ಟು ಅಂತ ನಾವು ಓದಿಕೊಳ್ಳಬೇಕು.

ವಾರ್ಸಿಟಿ ಹುಡುಗರು ಹತ್ತು ವರ್ಷದಿಂದ ಆಡುತ್ತಿರುವವರು. ಟ್ರಾವೆಲ್ (ಚೆಂಡು ಪುಟಿಸದೆ ಹಿಡಿದುಕೊಂಡು ನಡೆಯುವುದು) ಅಂದರೇನು, ಡಬಲ್ ಡ್ರಿಬಲ್ (ಪುಟಿಸುವುದನ್ನು ನಿಲ್ಲಿಸಿ ಮತ್ತೆ ಶುರು ಮಾಡುವುದು) ಅಂದರೇನು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ತಪ್ಪು ಮಾಡಿದರೂ ಬೇಕಂತಲೇ, ನಾಜೂಕಾಗಿ ಮಾಡುತ್ತಾರೆ. ಫ್ರೆಶ್‌ಮನ್ ಹುಡುಗನ ಕಾಲು ಹೋದ ತಿಂಗಳಷ್ಟೇ ಎರಡು ಇಂಚು ಬೆಳೆದಿದೆ, ಆ ವಿಷಯ ಅವನ ಮೆದುಳಿಗೆ ಇನ್ನೂ ತಲುಪಿಲ್ಲ. ಅವನು ಚೆಂಡು ಹಿಡಿದು ನಾಲ್ಕು ಹೆಜ್ಜೆ ವಾಕಿಂಗ್ ಹೋಗುತ್ತಾನೆ. ಡ್ರಿಬಲ್ ಮಾಡುತ್ತಾನೆ, ನಿಲ್ಲಿಸುತ್ತಾನೆ, ಏನೋ ನೆನಪಾಗಿ ಮತ್ತೆ ಶುರು ಮಾಡುತ್ತಾನೆ. ಎದುರಿಗೆ ಬಂದವನನ್ನು ಗುದ್ದಿ ಬೀಳಿಸಿ ತಾನೇ ‘ಸಾರಿ’ ಅನ್ನುತ್ತಾನೆ. ಅಂದರೆ ತಪ್ಪು ಕಮ್ಮಿ ಇರುವ ಕಡೆ ಆರು ಕಣ್ಣು, ತಪ್ಪಿನ ಜಾತ್ರೆ ನಡೆಯುವ ಕಡೆ ಎರಡೋ ನಾಲ್ಕೋ.

ಯಾಕೆ ಹೀಗೆ ಅಂದರೆ ಅಧಿಕಾರಿಗಳ ಹತ್ತಿರ ಉತ್ತರ ರೆಡಿ. ‘ಚಿಕ್ಕವರ ಆಟದಲ್ಲಿ ಅಷ್ಟು ವೇಗ ಇರಲ್ಲ, ಇಬ್ಬರು ಸಾಕು.’ ಒಪ್ಪಿದೆ, ವೇಗ ಇರಲ್ಲ. ದಿಕ್ಕೂ ಇರಲ್ಲ. ವಾರ್ಸಿಟಿಯಲ್ಲಿ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ರೆಫರಿ ಮೊದಲೇ ಊಹಿಸಿ ಅಲ್ಲಿ ಹೋಗಿ ನಿಲ್ಲಬಹುದು. ಫ್ರೆಶ್‌ಮನ್ ಆಟದಲ್ಲಿ ಅದು ಎಸೆದವನಿಗೇ ಗೊತ್ತಿರಲ್ಲ.

ಅಂಕಣವೇನೂ ಚಿಕ್ಕವರಿಗೆ ಅಂತ ಕುಗ್ಗುವುದಿಲ್ಲ. ಹೈಸ್ಕೂಲ್ ಕೋರ್ಟ್ 84 ಅಡಿ ಉದ್ದ, 50 ಅಡಿ ಅಗಲ. ಒಟ್ಟು 4200 ಚದರ ಅಡಿ. ಮೂವರು ರೆಫರಿಗಳಿದ್ದರೆ ತಲಾ 1400. ಇಬ್ಬರಾದರೆ 2100. ಒಬ್ಬನೇ ಬಂದರೆ ಪೂರ್ತಿ ಸೈಟು ಅವನದೇ, ಖಾತೆಯೊಂದು ಮಾಡಿಕೊಡುವುದು ಬಾಕಿ.

ಈ ಆಟ ಹುಟ್ಟಿದ್ದು 1891ರಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಜೇಮ್ಸ್ ನೈಸ್ಮಿತ್ ಬರೆದದ್ದು ಹದಿಮೂರೇ ನಿಯಮ. ಅಷ್ಟರಲ್ಲೂ ಅವರು ಇಬ್ಬರನ್ನು ನೇಮಿಸಿದ್ದರು. ಅಂಪೈರ್ ಆಟಗಾರರನ್ನು ನೋಡಿಕೊಳ್ಳಬೇಕು, ರೆಫರಿ ಚೆಂಡನ್ನು. ಮೊದಲ ಪಂದ್ಯದ ಸ್ಕೋರು 1-0. ಇಡೀ ಆಟಕ್ಕೆ ಒಂದೇ ಒಂದು ಬಾಸ್ಕೆಟ್. ಚೆಂಡಿಗೊಬ್ಬ, ಹುಡುಗರಿಗೊಬ್ಬ ಬೇಕೇ ಬೇಕು ಅಂತ ಆ ಮಾಸ್ತರಿಗೆ ಅಂದೇ ಹೊಳೆದಿತ್ತು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಂಥ ದುಡ್ಡಿನ ಕುಳಕ್ಕೆ ಮೂರನೆಯವನನ್ನು ಒಪ್ಪಿಕೊಳ್ಳಲು ಹತ್ತು ವರ್ಷ ಹಿಡಿಯಿತು. 1978-79ರಲ್ಲಿ ಮೂವರನ್ನು ಇಟ್ಟು ನೋಡಿದರು. ಮರುವರ್ಷವೇ ಇಬ್ಬರಿಗೆ ಇಳಿದರು. 1988-89ರಲ್ಲಿ ಮತ್ತೆ ಮೂವರು ಬಂದರು, ಆಮೇಲೆ ಹೋಗಲಿಲ್ಲ.

ಹೈಸ್ಕೂಲ್ ನಿಯಮಗಳನ್ನು ಬರೆಯುವುದು ಎನ್‌ಎಫ್‌ಎಚ್‌ಎಸ್ ಅನ್ನುವ ರಾಷ್ಟ್ರೀಯ ಒಕ್ಕೂಟ. ಅದರ ಪುಸ್ತಕದಲ್ಲಿ ಒಬ್ಬ ರೆಫರಿ ಮತ್ತು ಒಬ್ಬ ಅಂಪೈರ್, ಇಲ್ಲವೇ ಒಬ್ಬ ರೆಫರಿ ಮತ್ತು ಇಬ್ಬರು ಅಂಪೈರ್ ಅಂತಿದೆ. ಒಬ್ಬನೇ ಅನ್ನುವ ಆಯ್ಕೆ ಅಲ್ಲಿಲ್ಲ. ಆದರೆ ಪುಸ್ತಕ ಬರೆದವರು ಹೈವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರಲ್ಲ, ಎರಡನೇ ರೆಫರಿ ಸಿಕ್ಕಿಕೊಂಡಿರುತ್ತಾನೆ.

ಆ ಸಂಜೆ ಒಬ್ಬನೇ ಬಂದವನನ್ನು ನೋಡಬೇಕು. ಇಬ್ಬರಿದ್ದರೆ ಒಬ್ಬ ಬಾಸ್ಕೆಟ್ ಕೆಳಗೆ ಲೀಡ್, ಇನ್ನೊಬ್ಬ ಹಿಂದೆ ಟ್ರೇಲ್. ಇವನು ಲೀಡೂ ಹೌದು, ಟ್ರೇಲೂ ಹೌದು. ತನ್ನ ಹಿಂದೆ ತಾನೇ ಓಡಬೇಕು. ಕೆಳಗೆ ಯಾರೋ ಯಾರದೋ ಜೆರ್ಸಿ ಎಳೆಯುತ್ತಿರುತ್ತಾರೆ, ಇವನು ಮೇಲೆ ಚೆಂಡು ನೋಡುತ್ತಿರುತ್ತಾನೆ. ಎಡಗಡೆ ಚೆಂಡು ಗೆರೆ ದಾಟಿತು. ಯಾರ ಕೈ ತಾಗಿ ಹೋಯಿತು? ಇವನು ಬಲಗಡೆ ಇದ್ದ. ಹತ್ತು ಹುಡುಗರೂ ಒಟ್ಟಿಗೆ ತಮ್ಮ ಬಾಸ್ಕೆಟ್ ಕಡೆ ಕೈ ತೋರಿಸುತ್ತಾರೆ. ಪ್ರಜಾಪ್ರಭುತ್ವದಲ್ಲಿ ಐದು-ಐದು ವೋಟು ಬಿದ್ದರೆ ಏನು ಮಾಡಬೇಕು? ಇವನು ಜೋರಾಗಿ ಧ್ವನಿ ಮಾಡಿದ ತಂಡದ ವಿರುದ್ಧ ಕೊಡುತ್ತಾನೆ. ನನ್ನ ಪ್ರಕಾರ ಅದು ಬಹಳ ಸರಿಯಾದ ಕ್ರಮ.

(ಅಂದಹಾಗೆ ಸೀಟಿಯ ಕಡೆಯಿಂದ ಕೊರತೆಯಿಲ್ಲ. 1984ರಲ್ಲಿ ಬ್ರೆಜಿಲ್‌ನಲ್ಲಿ ಒಂದು ಪಂದ್ಯದಲ್ಲಿ ಕೆನಡಾದ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಊದಿದರೆ ಸದ್ದೇ ಬರಲಿಲ್ಲ, ಒಳಗಿನ ಗೋಲಿ ಸಿಕ್ಕಿಕೊಂಡಿತ್ತು. ಅವರು ಹಟ ಹಿಡಿದು ಗೋಲಿಯೇ ಇಲ್ಲದ ಫಾಕ್ಸ್ 40 ಸೀಟಿ ಮಾಡಿಸಿದರು. ಸೀಟಿ ರಿಪೇರಿಯಾಯಿತು. ಊದುವವರು ಕಾಣೆ.)

ಹೊಸ ರೆಫರಿಗಳಿಗೆ ಕೊಡುವ ತರಬೇತಿಯೂ ಇದೇ ತರ್ಕದ್ದು. ಈಗಷ್ಟೇ ಪರೀಕ್ಷೆ ಪಾಸಾಗಿ ಗರಿಗರಿ ಪಟ್ಟೆ ಶರ್ಟು ಹಾಕಿಕೊಂಡು ಬಂದವನನ್ನು ಎಲ್ಲಿಗೆ ಕಳಿಸುತ್ತಾರೆ? ಫ್ರೆಶ್‌ಮನ್ ಆಟಕ್ಕೆ. ಅಂದರೆ ಏನೂ ಗೊತ್ತಿಲ್ಲದ ಹತ್ತು ಆಟಗಾರರ ನಡುವೆ, ಏನೂ ಗೊತ್ತಿಲ್ಲದ ಒಬ್ಬ ರೆಫರಿ. ಇಪ್ಪತ್ತು ವರ್ಷ ಅನುಭವ ಇರುವವರು ಮೂವರು ಸೇರಿಕೊಂಡು ವಾರ್ಸಿಟಿಯಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿರುತ್ತಾರೆ. ಇಬ್ಬರ ವ್ಯವಸ್ಥೆಯಲ್ಲೇ ಪಳಗಿದ ಈ ಹೊಸಬ ಮುಂದೊಂದು ದಿನ ವಾರ್ಸಿಟಿಗೆ ಹೋಗುತ್ತಾನೆ. ಅಲ್ಲಿ ಮೂರನೇ ರೆಫರಿಯ ಜಾಗಕ್ಕೆ ಸೆಂಟರ್ ಅಂತ ಹೆಸರು. ‘ನೀನು ಸೆಂಟರ್‌ನಲ್ಲಿ ನಿಲ್ಲಪ್ಪ’ ಅಂದರೆ ಪಾಪ, ಕೋರ್ಟಿನ ನಟ್ಟನಡುವೆ ಹೋಗಿ ನಿಲ್ಲುತ್ತಾನೆ. ಆ ಸೆಂಟರ್ ಇರುವುದು ಪಕ್ಕದ ಗೆರೆಯ ಹತ್ತಿರ!

ಇದಕ್ಕೊಂದು ಜಾಣ ಪರಿಹಾರವೂ ಚಲಾವಣೆಯಲ್ಲಿದೆ. ಇಬ್ಬರಿಗೆ ಕೊಡುವ ದುಡ್ಡನ್ನೇ ಮೂವರು ಹಂಚಿಕೊಳ್ಳಲಿ, ಹುಡುಗರಿಗೂ ನ್ಯಾಯ, ಹೊಸಬರಿಗೂ ಕಲಿಕೆ. ಶಾಲೆಯ ಲೆಕ್ಕ ನೋಡುವವರಿಗೆ ಇದು ಬಹಳ ಇಷ್ಟ. ನಾನು ಇದನ್ನು ಇನ್ನೂ ಮುಂದೆ ಒಯ್ಯಬೇಕು ಅನ್ನುತ್ತೇನೆ. ಮೂವರಿಗೇ ಯಾಕೆ ನಿಲ್ಲಿಸಬೇಕು? ಅದೇ ದುಡ್ಡಿಗೆ ಹತ್ತು ರೆಫರಿ ಇಡಿ, ಹುಡುಗನಿಗೊಬ್ಬ. ಹನ್ನೊಂದನೆಯವನು ಚೆಂಡಿಗೆ. ಒಬ್ಬೊಬ್ಬನಿಗೆ ಬರುವ ದುಡ್ಡಿನಲ್ಲಿ ಅರ್ಧ ಸ್ಯಾಂಡ್‌ವಿಚ್ ಬರುತ್ತದೆ. ಇನ್ನರ್ಧ ಪ್ಲೇಆಫ್‌ಗೆ ಹೋದರೆ.

ಈಗ ಗ್ಯಾಲರಿ ಕಡೆ ತಿರುಗೋಣ. ರೆಫರಿ ಕಮ್ಮಿ ಅಂತ ಅತಿ ಹೆಚ್ಚು ಕೂಗುವವರು ಅಲ್ಲೇ ಇದ್ದಾರೆ, ರೆಫರಿ ಕಮ್ಮಿಯಾಗಲು ಕಾರಣವೂ ಅಲ್ಲೇ ಇದೆ. 2018-19ರಿಂದ ಮೂರ್ನಾಲ್ಕು ವರ್ಷದಲ್ಲಿ ಎಲ್ಲ ಆಟಗಳೂ ಸೇರಿ ಸುಮಾರು 50,000 ಹೈಸ್ಕೂಲ್ ರೆಫರಿಗಳು ಕೆಲಸ ಬಿಟ್ಟರು ಅಂತ ಎನ್‌ಎಫ್‌ಎಚ್‌ಎಸ್ ಹೇಳಿತು. ಕೋವಿಡ್ ಕಾರಣ ಇತ್ತು, ಸರಿ. ಆದರೆ 2017ರಲ್ಲೇ ರೆಫರಿಗಳ ರಾಷ್ಟ್ರೀಯ ಸಂಘ 17,000ಕ್ಕೂ ಜಾಸ್ತಿ ಜನರನ್ನು ಕೇಳಿತ್ತು, ಆಟದಲ್ಲಿ ಅತಿ ಕೆಟ್ಟ ನಡವಳಿಕೆ ಯಾರದು ಅಂತ. ಕೋಚುಗಳನ್ನು, ಆಟಗಾರರನ್ನು ಹಿಂದಿಕ್ಕಿ ಮೊದಲ ಬಹುಮಾನ ತೆಗೆದುಕೊಂಡವರು ಅಪ್ಪ ಅಮ್ಮಂದಿರು. 2019ರ ಜನವರಿಯಲ್ಲಿ ಒಕ್ಕೂಟದವರು ಪೋಷಕರಿಗೆ ಬಹಿರಂಗ ಪತ್ರ ಬರೆದು, ಸ್ವಲ್ಪ ತಣ್ಣಗಾಗಿ ಅಂತ ಬೇಡಿಕೊಂಡರು. ಹೊಸ ರೆಫರಿಗಳಲ್ಲಿ ನೂರಕ್ಕೆ 80 ಮಂದಿ ಎರಡೇ ವರ್ಷಕ್ಕೆ ಬಿಟ್ಟು ಹೋಗುತ್ತಾರೆ ಅನ್ನುವ ಲೆಕ್ಕವೂ ಅದರಲ್ಲಿತ್ತು. ಪೋಷಕರು ಓದಿದರು. ಪಕ್ಕದ ಸೀಟಿನವರ ಬಗ್ಗೆ ಸರಿಯಾಗಿ ಬರೆದಿದ್ದಾರೆ ಅಂತ ಮೆಚ್ಚಿಕೊಂಡರು.

ನಮ್ಮ ಕನ್ನಡ ಕೂಟದ ಅಪ್ಪಂದಿರೂ ಹಿಂದೆ ಬಿದ್ದಿಲ್ಲ. ಇವರು ಬೆಳೆದದ್ದು ಬ್ಯಾಟಿಂಗ್ ಮಾಡುವ ತಂಡದವನೇ ಅಂಪೈರ್ ಆಗುತ್ತಿದ್ದ ಗಲ್ಲಿ ಕ್ರಿಕೆಟ್ಟಿನಲ್ಲಿ. ಅಣ್ಣ ಬ್ಯಾಟ್ ಮಾಡಿದರೆ ತಮ್ಮ ತೀರ್ಪು ಕೊಟ್ಟ, ಯಾರೂ ಮಾನವ ಹಕ್ಕು ಆಯೋಗಕ್ಕೆ ಹೋಗಲಿಲ್ಲ. ಈಗ ಅದೇ ಜನ ಮೂರನೇ ಸಾಲಿನಲ್ಲಿ ನಿಂತು ‘ಥ್ರೀ ಸೆಕೆಂಡ್ಸ್! ಥ್ರೀ ಸೆಕೆಂಡ್ಸ್!’ ಅಂತ ಗಂಟಲು ಹರಿದುಕೊಳ್ಳುತ್ತಾರೆ. ದಾಳಿ ಮಾಡುವವನು ಬಾಸ್ಕೆಟ್ ಮುಂದಿನ ಚೌಕದಲ್ಲಿ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು ಅನ್ನುವ ನಿಯಮ ಅದು. ಚೆಂಡು ಇನ್ನೂ ಆ ಕಡೆಯ ಅರ್ಧದಲ್ಲಿರುತ್ತದೆ, ಎಣಿಕೆ ಶುರುವೇ ಆಗಿರಲ್ಲ. ನಮಗೆ ಇನ್ನೊಂದು ಅನುಕೂಲ ಉಂಟು. ‘ಕಣ್ ಕಾಣಿಸಲ್ವೇನೋ ನಿಂಗೆ’ ಅಂತ ಬೈದರೂ ರೆಫರಿ ಪ್ರೋತ್ಸಾಹ ಅಂದುಕೊಂಡು ನಗುತ್ತಾನೆ.

ಹೋದ ಸೀಸನ್ನಿನಲ್ಲಿ ಇಂಥ ಒಬ್ಬ ಅಪ್ಪ ಜೆವಿ ಆಟ ಮುಗಿದ ಮೇಲೂ ಬಿಡಲಿಲ್ಲ. ರೆಫರಿಗಳನ್ನು ಹಂಚುವ ಅಸೈನರ್ ಅಲ್ಲೇ ಸಿಕ್ಕರು. ಅವರ ದಾರಿಗೆ ಅಡ್ಡ ನಿಂತು ಹತ್ತು ನಿಮಿಷ ತರಾಟೆ. ಇಬ್ಬರು ಯಾವ ಮೂಲೆಗೆ ಸಾಕು, ಅವನಿಗೆ ಬ್ಲಾಕ್ (ಅಡ್ಡ ಬಂದವನ ತಪ್ಪು) ಯಾವುದು ಚಾರ್ಜ್ (ನುಗ್ಗಿದವನ ತಪ್ಪು) ಯಾವುದು ಗೊತ್ತೇ, ಇವನಿಗೆ ಓಡಲಿಕ್ಕಾದರೂ ಆಗುತ್ತದೆಯೇ. ಅಸೈನರ್ ಪೂರ್ತಿ ಕೇಳಿಸಿಕೊಂಡು, ಬ್ಯಾಗಿನಿಂದ ಒಂದು ಫಾರ್ಮ್ ತೆಗೆದು ಕೊಟ್ಟರು. ‘ಮುಂದಿನ ವರ್ಷಕ್ಕೆ ಜನ ಬೇಕು. ಸೇರಿಕೊಳ್ಳಿ.’

‘ಅಯ್ಯೋ, ನಂಗೆ ರೂಲ್ಸ್ ಅಷ್ಟಾಗಿ ಗೊತ್ತಿಲ್ಲ ಸಾರ್,’ ಅಂದರು ಅಪ್ಪ, ಎರಡು ಹೆಜ್ಜೆ ಹಿಂದೆ ಸರಿದು. ‘ಮಂಡಿ ನೋವು ಬೇರೆ.’

‘ಪರವಾಗಿಲ್ಲ,’ ಅಂದರು ಅಸೈನರ್. ‘ಅವೆರಡೂ ಇರುವವರನ್ನೇ ನಾವು ಫ್ರೆಶ್‌ಮನ್‌ಗೆ ಹಾಕೋದು.’