ಹೂತ್ಕೊಂಡೋನು ಮಾತಾಡಬಾರದಂತೆ

ನಮ್ಮ ಆಫ್-ರೋಡ್ ಗುಂಪಿಗೆ ಹೊಸ ಲ್ಯಾಂಡ್ ರೋವರ್ ಡಿಫೆಂಡರ್ ತಗೊಂಡು ಬಂದಿರೋ ಹುಡುಗ, ದಿಬ್ಬದ ಮುಂದೆ ಬಟನ್ ಒತ್ತಿದ, ಹತ್ತಿಸಿದ. ಅಷ್ಟೇ. ಟೈರಿನ ಗಾಳಿ ಇಳಿಸಿರಲಿಲ್ಲ, ಕೆಳಗಿಳಿದು ದಾರಿ ನೋಡಿರಲಿಲ್ಲ, ನಿಧಾನಕ್ಕೆ ಜೋರಾಗಿ ಎಳೆಯೋ ಲೋ ರೇಂಜ್ ಗೇರು ಹಾಕಿದ್ನೋ ಇಲ್ವೋ ಅದನ್ನೂ ದೇವರೇ ಬಲ್ಲ. ಅವನು ಹತ್ತಿಸಿದ್ದಕ್ಕೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಸರಿ, ಇದೆ. ಆದ್ರೆ ವಿಷಯ ಅದಲ್ಲ.

ವಿಷಯ ಆ ಟೋ ಬಾಲು, ಟ್ರೇಲರ್ ಸಿಕ್ಕಿಸೋಕೆ ಗಾಡಿ ಹಿಂದೆ ಇರೋ ಉಕ್ಕಿನ ಉಂಡೆ.

ನನ್ನ ಹಳೇ ಡಿಫೆಂಡರ್ ಓರೆಯಾಗಿ ಸಿಕ್ಕಿಹಾಕಿಕೊಂಡಿತ್ತು. ಮುಂದಿನ ಎಡಚಕ್ರ ಗುಂಡಿ ಮೇಲೆ ತೂಗಾಡ್ತಿದೆ, ಹಿಂದಿನ ಬಲಚಕ್ರ ಗಾಳೀಲಿ. ಎಂಜಿನ್ ಬಲವನ್ನ ಎರಡು ಚಕ್ರಕ್ಕೆ ಹಂಚೋದು ಡಿಫರೆನ್ಷಿಯಲ್, ಎರಡನ್ನೂ ಒಟ್ಟಿಗೆ ತಿರುಗಿಸೋ ಲಾಕರ್ ಇಲ್ಲದಿದ್ರೆ ಅದರ ಹಣೆಬರಹ ಗೊತ್ತಲ್ಲ, ನೆಲ ಮುಟ್ಟದ ಚಕ್ರ ಗಿರಗಿರ ತಿರುಗುತ್ತೆ, ನೆಲದ ಮೇಲಿರೋದು ಅಲ್ಲಾಡಲ್ಲ. ಅವನ ಗಾಡೀಲಿ ಹೀಗಾದ್ರೆ ತಿರುಗ್ತಿರೋ ಚಕ್ರಕ್ಕೆ ಕಂಪ್ಯೂಟರೇ ಬ್ರೇಕ್ ಹಾಕಿ, ಎಳೆತವನ್ನ ಆಚೆ ಚಕ್ರಕ್ಕೆ ದಾಟಿಸುತ್ತೆ. ನನ್ನ ಗಾಡೀಲಿ ಕಂಪ್ಯೂಟರ್ ಅಂದ್ರೆ ನಾನೇ.

ಬಂದ. 'ಬಿಡಿ ಅಂಕಲ್, ನಾನ್ ಎಳೀತೀನಿ.' ಸಂತೋಷ. ನನ್ನದೇ ಕೈನೆಟಿಕ್ ಹಗ್ಗ ತಗೊಂಡ, ಸೀದಾ ಹೋಗಿ ತನ್ನ ಗಾಡಿ ಹಿಂದಿನ ಬಾಲಿಗೆ ಕುಣಿಕೆ ಹಾಕೋಕೆ ಬಗ್ಗಿದ. ನಾನು ಕಿಟಕಿಯಿಂದ ಕೂಗಿದೆ, ಅಲ್ಲಿಗೆ ಹಾಕಬೇಡಪ್ಪಾ ಅಂತ.

'ಯಾಕೆ? ಟೋ ಮಾಡೋಕೇ ತಾನೇ ಇದು ಇರೋದು?'

ಇಲ್ಲಿ ಸ್ವಲ್ಪ ನನ್ನ ಅವಸ್ಥೆ ಕಲ್ಪಿಸ್ಕೊಳ್ಳಿ. ಗಾಡಿ ವಾಲಿದೆ. ನನ್ನ ಕಡೆ ಬಾಗಿಲು ದಿಬ್ಬಕ್ಕೆ ಒತ್ಕೊಂಡು ತೆಗೆಯೋಕೇ ಆಗ್ತಿಲ್ಲ. ಸೀಟ್ ಬೆಲ್ಟು ಕುತ್ತಿಗೆ ಕೊಯ್ತಿದೆ. ತಲೆ ಮಾತ್ರ ಕಿಟಕಿಯಿಂದ ಹೊರಗೆ, ಅದೂ ಸೊಟ್ಟಗೆ. ಆ ಭಂಗೀಲಿ ನಾನು ಪಾಠ ಮಾಡ್ತಿದೀನಿ: ಟ್ರೇಲರ್ ಎಳೆಯೋದು ಬೇರೆ, ಹೂತ ಗಾಡಿಗೆ ಜರ್ಕ್ ಕೊಟ್ಟು ಎಳೆಯೋದು ಬೇರೆ. ಈ ಹಗ್ಗ ಹಿಗ್ಗಿ ಬಲ ತುಂಬ್ಕೊಳ್ಳುತ್ತೆ, ಬಾಲು ಮುರೀತು ಅಂದ್ರೆ ಆ ಅಷ್ಟೂ ಬಲ ಉಕ್ಕಿನ ಉಂಡೆ ಬೆನ್ನಿಗೆ. ಹಿಂದಿನ ಗಾಡಿ ಗಾಜು ಒಡ್ಕೊಂಡು ಒಳಗೆ ಬರುತ್ತೆ. ಜನ ಸತ್ತಿದ್ದಾರೆ ಹೀಗೆ. ಆ ಹಿಂದಿನ ಗಾಡೀಲಿ ಕೂತಿದ್ದೋನು ಯಾರು? ನಾನು!

ಪೂರ್ತಿ ಕೇಳಿಸ್ಕೊಂಡ. ಮಧ್ಯೆ ಬಾಯಿ ಹಾಕಲಿಲ್ಲ. ಆಮೇಲೆ ಹಗ್ಗ ಹಿಡ್ಕೊಂಡೇ ಮಿಕ್ಕವರ ಕಡೆ ತಿರುಗಿ ಅಂದ, 'ಅಂಕಲ್, ಹೂತ್ಕೊಂಡಿರೋದು ನೀವು.'

ನಕ್ಕರು. ಎಲ್ಲರೂ. ಹೊಸಬರು ನಗಲಿ, ಅವರಿಗೇನು. ನನ್ನ ಜೊತೇನೇ ಕೆಸರಲ್ಲಿ ಉರುಳಾಡಿ ಕಲಿತವರು, ಬಾಲಿಗೆ ಹಗ್ಗ ಹಾಕಬಾರದು ಅಂತ ಚೆನ್ನಾಗಿ ಗೊತ್ತಿರೋರು, ಅವರೂ ನಕ್ಕರು. ಒಬ್ಬ ಫೋನ್ ಹಿಡಿದು ರೆಕಾರ್ಡ್ ಮಾಡ್ತಿದ್ದ. ನನ್ನ ಸೊಟ್ಟ ತಲೆ ಈಗ ಎಷ್ಟು ಜನ ನೋಡಿದ್ದಾರೋ.

ಕೊನೆಗೆ ರಿಕವರಿ ಪಾಯಿಂಟಿಗೇ, ಅಂದ್ರೆ ಹೂತ ಗಾಡಿ ಎಳೆಯೋಕೆ ಅಂತಾನೇ ಇರೋ ಗಟ್ಟಿ ಜಾಗಕ್ಕೇ, ನನ್ನ ಶ್ಯಾಕಲ್ (ಪಿನ್ನಿರೋ ಉಕ್ಕಿನ ಕೊಂಡಿ) ಹಾಕಿದ. ಹಾಕ್ತಾ ಏನಂದ ಗೊತ್ತಾ? 'ಆಯ್ತು ಅಂಕಲ್, ನಿಮ್ಮ ಸಮಾಧಾನಕ್ಕೆ.' ನನ್ನ ಸಮಾಧಾನಕ್ಕಂತೆ! ನನಗೆ ಹರಕೆ ತೀರಿಸಿದ ಹಾಗೆ!

ಒಂದು ಕಾಲದಲ್ಲಿ ಎದುರಿಗೆ ಇನ್ನೊಂದು ಡಿಫೆಂಡರ್ ಬಂದ್ರೆ ಕೈ ಎತ್ತುತಿದ್ವಿ. ಬಾನೆಟ್ ಎತ್ತಿ ನಿಂತಿದ್ರೆ ನಿಲ್ಲಿಸ್ತಿದ್ವಿ. ತೊರೆ ಬಂದ್ರೆ ಮೊದಲು ಪ್ಯಾಂಟ್ ಮಡಚಿ ನಡೆದು ಆಳ ನೋಡ್ತಿದ್ವಿ. ಈಗ ನಾನು ಕೈ ಎತ್ತಿದ್ರೆ ಲಿಫ್ಟ್ ಕೇಳ್ತಿದೀನಿ ಅನ್ನೋ ಹಾಗೆ ನೋಡ್ತಾರೆ. ಸ್ಟೇರಿಂಗ್ ಹಿಡಿದು, ಗಾಡಿ ಓಡಿಸ್ತಾ ಇರೋನು ಲಿಫ್ಟ್ ಯಾಕಪ್ಪಾ ಕೇಳಲಿ?

ಹೋಗ್ಲಿ, ನಾವೇನು ಸಾಚಾನಾ? ಹಳೇ ಡಿಫೆಂಡರ್ ತಯಾರಿ 2016ರ ಜನವರಿಯಲ್ಲಿ ನಿಂತು, 2019ರಲ್ಲಿ ಹೊಸದನ್ನ ತೋರಿಸಿದಾಗ ನಮ್ಮ ಗುಂಪು ಏನು ಕಮ್ಮಿ ಒದರಿತ್ತಾ? ಛಾಸಿಸ್ಸೇ ಇಲ್ಲ, ಅದು ಡಿಫೆಂಡರ್ರೇ ಅಲ್ಲ, ಮಾಲ್‌ಗೆ ಹೋಗೋಕೆ ಲಾಯಕ್ಕು ಅಂತ. ಆದ್ರೆ ಏರ್ ಸಸ್ಪೆನ್ಷನ್ ಎತ್ತಿದ್ರೆ ಆ ಹೊಸದು 900 ಮಿಲಿಮೀಟರ್ ಆಳದ ನೀರು ದಾಟುತ್ತೆ. ನಮ್ಮ ಹಳೇದಕ್ಕೆ ಕಂಪನಿ ಹೇಳಿದ್ದು 500. ಹೊಸಬ ಯಾವನಾದ್ರೂ ಬಂದ್ರೆ 'ಮೊದಲು ಆ ಶೋರೂಮ್ ಟೈರ್ ಬಿಚ್ಚಿ ಬಾ' ಅಂತ ಕಿಚಾಯಿಸಿ ಕಳಿಸ್ತಿದ್ದೋರು ನಮ್ಮವರೇ. ಆಮೇಲೆ ನಮ್ಮ ಮಾತು ಯಾವನು ಕೇಳ್ತಾನೆ? ಬಿಟ್ಟಾಕಿ. ಕಾಲ ಬದಲಾಗಿದೆ, ನಾನೂ ಗಾಡಿ ಮಾರಿ ಸುಮ್ನಿರ್ತೀನಿ.

ಯಾಕೆ ಮಾರಲಿ? ಯಾಕೆ ಬಿಟ್ಟಾಕಲಿ? ಬಟನ್ನು ಹತ್ತಿಸುತ್ತೆ ಕಣ್ರೀ, ಒಪ್ಪಿದೆ. ಬಾಲು ಮುರಿಯೋದನ್ನ ಯಾವ ಬಟನ್ ತಡೆಯುತ್ತೆ? ಹೊಸ ಗಾಡಿ ತಗೊಂಡಿರೋರು ಒಬ್ಬರಾದ್ರೂ ಉತ್ತರ ಕೊಡಿ, ನಿಮ್ಮ ಗಾಡೀಲಿ ರಿಕವರಿ ಪಾಯಿಂಟ್ ಎಲ್ಲಿದೆ? ಲಾರಿ ಮೇಲೆ ಸಾಗಿಸುವಾಗ ಕಟ್ಟೋ ಕೊಕ್ಕೆ ತೋರಿಸಬೇಡಿ, ಅದು ಬೇರೆ. ಮ್ಯಾನುಯಲ್ ತೆಗೆದು ನೋಡಿ ಹೇಳಿ. ಅವತ್ತು ನಕ್ಕ ಹಳಬರೇ, ನೀವೂ ಹೇಳಿ, ನಗು ಬಂದಿದ್ದು ಯಾವುದಕ್ಕೆ?

ಇನ್ನೊಂದು. ನನ್ನ ಶ್ಯಾಕಲ್ ಅವನ ಗಾಡೀಲೇ ಹೋಯ್ತು. ಮುಕ್ಕಾಲು ಇಂಚಿಂದು, ಮೈಮೇಲೆ 4.75 ಟನ್ ಅಂತ ಅಚ್ಚಿದೆ, ಪಿನ್ನಿನ ಬಣ್ಣ ಹೋಗಿದೆ. ಅವನಿಗೆ ಫೋನ್ ಮಾಡಿ ಕೇಳೋಕೆ ನನ್ನ ಕೈಲಾಗಲ್ಲ. ಯಾರಾದ್ರೂ ಇಸ್ಕೊಂಡು ಬಂದು ಕೊಡಿ.